ಬದು ದಾಟು ಮಗಾ

ಶೀಳನೆರೆ
೧೫ ಜನವರಿ ೨೦೨೫

ಚಿರಂಜೀವಿ ಧನುಶ್ರೀಗೆ ನಿನ್ನ ತಾತನ ಆಶೀರ್ವಾದ.

ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಪಾಂಡವಪುರದಲ್ಲಿ ನಿನ್ನ ಅತ್ತೆ ಪ್ರಮೀಳಾ, ಅವಳ ಮಕ್ಕಳು ಎಲ್ಲ ಚೆನ್ನಾಗಿದ್ದಾರೆಂದು ತಿಳಿದಿದ್ದೇನೆ. ನನ್ನ ಆರೋಗ್ಯ ಕೇಳಬೇಡ. ಬಿ.ಪಿ. ಮಾತ್ರೆ ನುಂಗಿ ಇಳಿಸಿಕೊಂಡರೆ ನಿನ್ನ ನೆನಪಾಗಿ ಮತ್ತೆ ಏರುತ್ತದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದವನ್ನು ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಅಜ್ಜಿಯ ತಿಥಿ ಮುಗಿದು ತಿಂಗಳಾಯಿತು. ನೀನು ಮಂಡ್ಯದ ಕ್ರೀಡಾ ಹಾಸ್ಟೆಲ್ಲಿಗೆ ವಾಪಸ್ಸು ಹೋಗದೆ ಅತ್ತೆಯ ಮನೆಯಲ್ಲಿ ಕೂತಿದ್ದೀಯ. "ಅಜ್ಜೀನೇ ಇಲ್ಲ, ಇನ್ಯಾರ್ಗೋಸ್ಕರ ಕಬಡ್ಡಿ ಆಡ್ಲಿ" ಅಂದೆಯಂತೆ. ಬಹಳ ದೊಡ್ಡ ಮಾತು. ಕೇಳಿದವರು ಅಯ್ಯೋ ಪಾಪ ಅಂದರು, ನಿಮ್ಮಪ್ಪ ಕಣ್ಣೊರೆಸಿಕೊಂಡ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ತಿಥಿಗೆ ಬಂದವರ ಮೇಲೂ ನನಗೆ ಕೋಪವಿದೆ. ಪಂಕ್ತಿಯಲ್ಲಿ ಕೂತು "ಅಣ್ಣಮ್ಮ ಅಂದ್ರೆ ಲಕ್ಷ್ಮಿ ಕಣಪ್ಪ, ಒಸ್ಲು ದಾಟ್ದೋಳಲ್ಲ" ಅಂತ ಹೊಗಳಿದರು. ದಾಟದವಳೇ ಅವಳು? ಬಿಂಡಿಗನವಿಲೆಯಲ್ಲಿ ಕುರಿ ಕಾಯುತ್ತ ಹುಡುಗರ ಜೊತೆ ಚಡುಗುಡು ಆಡಿ ಬೆಳೆದವಳು. ನನ್ನ ಕೈ ಹಿಡಿದ ಮೇಲೆ ಮೂರು ಹೆತ್ತು, ಗದ್ದೆಯ ಕಳೆ ಕಿತ್ತು, ನಲವತ್ತು ವರ್ಷ ಎರಡು ಹೊತ್ತೂ ಡೈರಿಗೆ ಹಾಲು ಹಾಕಿದಳು. ನೀನು ಆಡಲು ಶುರು ಮಾಡಿದ ಮೇಲಂತೂ ಬೆಳಗಿನ ಹಾಲು ಕರೆದು ಬಸ್ಸು ಹತ್ತಿದರೆ ಪಾಂಡವಪುರವೋ ಶ್ರೀರಂಗಪಟ್ಟಣವೋ, ಎಲ್ಲಿ ಪಂದ್ಯವೋ ಅಲ್ಲಿ. ಸಂಜೆ ಹಾಲಿನ ಹೊತ್ತಿಗೆ ಮತ್ತೆ ಕೊಟ್ಟಿಗೆಯಲ್ಲಿ. ಮಂಡಿ ನೋವೆಂದು ಕಳೆ ಕೀಳಲು ಕೂರಲಾಗದವಳು ನಿನಗೆ ಹಾಸ್ಟೆಲ್ಲು ಸಿಗಲೆಂದು ಕರಿಘಟ್ಟದ ಮೆಟ್ಟಿಲು ಹತ್ತಿದಳು. ಟಿ.ವಿ.ಯಲ್ಲಿ ಕಬಡ್ಡಿ ಬಂದರೆ ನನ್ನ ಮುದ್ದೆ ಆರಿ ಕಲ್ಲಾಗುತ್ತಿತ್ತು. ಕೇಳಿದರೆ "ಇರು, ಇನ್ನೊಂದ್ ರೈಡು" ಅನ್ನುತ್ತಿದ್ದಳು. ದಾಟಿದರೆ ಪಾಯಿಂಟು ಸಿಗುವ ಆ ಬೋನಸ್ ಲೈನಿಗೆ ಅವಳು ಇಟ್ಟ ಹೆಸರು ಬದು. ಹೊಲಕ್ಕೂ ಹೊಲಕ್ಕೂ ನಡುವೆ ಇರುವುದೇ ಅವಳ ಲೆಕ್ಕದಲ್ಲಿ ಗೆರೆ. "ಬದು ದಾಟು ಮಗಾ, ಬದು ದಾಟು" ಅಂತ ಅವಳು ಕೂಗಿದರೆ ಎದುರು ತಂಡದ ಟೀಚರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆ ಬದುವಿನಿಂದ ಆದ ಫಜೀತಿ ನಿನಗೆ ಗೊತ್ತು. ನೀನಾಗ ಏಳನೇ ಕ್ಲಾಸು, ನಮ್ಮೂರ ಸ್ಕೂಲಿನ ಮೈದಾನದಲ್ಲೇ ಪಂದ್ಯ. ನಾನು ಕೋಲು ಹಿಡಿದು ನುಗ್ಗಿ, ಅಷ್ಟು ಜನರೆದುರು ನಿಮ್ಮಜ್ಜಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ರೈಡಿಗೆ ಹೋಗಿದ್ದ ನೀನು ತಿರುಗಿ ನೋಡಿ ಸಿಕ್ಕಿಬಿದ್ದೆ. ಆಮೇಲೆ ಅಜ್ಜಿ ನಿನ್ನನ್ನು ಕೂರಿಸಿಕೊಂಡು ಹೇಳಿದಳು: "ಬದು ಬದು ಅಂತ ನಾನ್ ಕೂಗಿದ್ದ ಕೇಳಿ, ಪಕ್ಕದೊಲ್ದೋರು ಬದು ಒತ್ಬುಟ್ಟು ನನ್ ಜೊತೆ ಜಗಳ್ಕ್ ನಿಂತವ್ರೆ ಅಂದ್ಕಂಡು ನಿಮ್ತಾತ ಓಡ್ ಬಂದ್ಬುಟ್ಟ ಕಣವ್ವ." ನೀನು ನಕ್ಕೆ. ಊರೂ ನಕ್ಕಿತು.

ಅದು ಸುಳ್ಳು, ಧನು. ಟೀ ಅಂಗಡಿಯಲ್ಲಿ ಒಬ್ಬ "ನಿನ್ನೆಂಡ್ರು ಗಂಡಸ್ರಂಗೆ ಕೂಗ್ತಾವ್ಳೆ, ಓಗ್ ನೋಡ್ಲಾ ಚೌಡ" ಅಂದ. ನಾಲ್ಕು ಜನ ಹಲ್ಲು ಕಿರಿದರು. ಅಷ್ಟಕ್ಕೇ ಎದ್ದು ಬಂದೆ. ಆಟವೆಂದು ಗೊತ್ತಿದ್ದೇ ಬಂದೆ. ಮೊಮ್ಮಗಳು ತಾತನನ್ನು ದ್ವೇಷ ಮಾಡಬಾರದೆಂದು ಅವಳು ಆ ಕಥೆ ಕಟ್ಟಿದಳು, ನಾನು ಮಾನಗೆಟ್ಟವನು ಆರು ವರ್ಷ ಎಲ್ಲರ ಜೊತೆ ಸೇರಿ ನಕ್ಕೆ. ನಿನ್ನ ಒಂದು ಪಂದ್ಯಕ್ಕೂ ಬರಲಿಲ್ಲ. ಬಂದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ.

ಅವಳೇನು ಮಾಡಿದಳು ಗೊತ್ತೇ? ಮುಂದಿನ ವಾರವೇ ಸೆರಗು ಸಿಕ್ಕಿಸಿಕೊಂಡು ಮತ್ತೆ ಮೈದಾನಕ್ಕೆ ಹೋದಳು. ಗಂಡ ಎಳೆದರೂ ನಿಲ್ಲದ ಹೆಂಗಸು. ನಿನ್ನನ್ನು ಯಾರೂ ಎಳೆಯುತ್ತಿಲ್ಲ. ನೀನೇ ಎದ್ದು ಬಂದು ಕೂತು, ಅದಕ್ಕೆ ಅವಳ ಹೆಸರು ಹೇಳುತ್ತಿದ್ದೀಯ. ನಾನು ಕೋಲು ಹಿಡಿದು ಮಾಡಲಾಗದ ಕೆಲಸವನ್ನು ನೀನು ಅತ್ತುಕೊಂಡು ಮಾಡುತ್ತಿದ್ದೀಯ. ಅಳಬೇಡ ಅನ್ನುವುದಿಲ್ಲ. ನಾನೂ ಹಾಲು ಕರೆಯುವಾಗ ಅಳುತ್ತೇನೆ, ಹಸುಗಳು ಯಾರಿಗೂ ಹೇಳುವುದಿಲ್ಲ. ಆದರೆ ಹಾಲು ಕರೆಯುವುದನ್ನು ಬಿಟ್ಟಿಲ್ಲ.

ಪ್ರಮೀಳಾಗೂ ಅಳಿಯಂದಿರಿಗೂ ನಾನು ಕೇಳಿದೆನೆಂದು ಹೇಳು. ಬೈದದ್ದು ಹೆಚ್ಚಾಯಿತು ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನೂರು ವರ್ಷ ಬಾಳು.

ಇಂತಿ ನಿನ್ನ ತಾತ,
ಚೌಡಯ್ಯ

ಬರೆಯಲು ಮರೆತೆ. ನಿಮ್ಮಪ್ಪ ಬೈಕು ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ. ಮೊನ್ನೆ ಹಾಸ್ಟೆಲ್ಲಿಗೆ ಹೋಗಿದ್ದೆ. ಭಾನುವಾರ ಒಂಬತ್ತಕ್ಕೆ ನಾಗಮಂಗಲದಲ್ಲಿ ಆಯ್ಕೆ ಪಂದ್ಯ, ನಿನ್ನ ಹೆಸರು ಇನ್ನೂ ತೆಗೆದಿಲ್ಲ ಅಂದರು ನಿಮ್ಮ ಮೇಡಂ. ನಾನು ಹಾಲು ಹಾಕಿ ಮೊದಲ ಬಸ್ಸಿಗೆ ಬರುತ್ತೇನೆ. ನೀನಿದ್ದರೆ ನಿನಗಾಗಿ ಕೂಗುತ್ತೇನೆ, ಇಲ್ಲದಿದ್ದರೆ ಯಾರ ಮನೆಯ ಮಗಳಾದರೂ ಸರಿ, ಅವಳಿಗಾಗಿ ಗಂಟಲು ಕಟ್ಟುವವರೆಗೆ ಕೂಗಿಯೇ ಬರುತ್ತೇನೆ. ಎಲ್ಲಿ ನಿಂತು ಕೂಗಬೇಕೋ ನನಗೆ ಗೊತ್ತಿಲ್ಲ. ಬಂದು ತೋರಿಸು.