ಎತ್ತರದಿಂದ ಸುರಿದ ಹೆಂಡ

ಮೇಲಿಂದ ಬಿದ್ದರೇನೇ ಎಚ್ಚರ ಆಗೋದು ಅಂದಿದ್ದೆಯಲ್ಲ ಅಪ್ಪ, ಹೆಂಡದ ಬಗ್ಗೆ ಹೇಳಿದೆಯೋ ನನಗೇ ಹೇಳಿದೆಯೋ, ಈಗ ನೆನಪಿಲ್ಲ.

ನಿನ್ನೆ ಸಂಜೆ ಇನ್ಯಾಕಿ ಮನೆಗೆ ಬಂದಿದ್ದ. ಶ್ರೀನಿವಾಸಪುರದ ನಮ್ಮ ಮಾವಿನ ರಸದ ಕಾರ್ಖಾನೆಗೆ ಯಂತ್ರ ಜೋಡಿಸಲು ಸ್ಪೇನಿನ ಬಾಸ್ಕ್ ಸೀಮೆಯಿಂದ ಬಂದವನು. ಅಮ್ಮ ಅವನನ್ನು "ಇನ್ಯಾಕಪ್ಪ" ಅಂತಲೇ ಕರೆಯುವುದು. ತನ್ನೂರಿನ ಸೇಬಿನ ಹೆಂಡ ತಂದಿದ್ದ. ಸೀಸೆಯನ್ನು ತಲೆಗಿಂತ ಮೇಲೆತ್ತಿ, ಸೊಂಟದ ಹತ್ತಿರ ಹಿಡಿದ ಲೋಟಕ್ಕೆ ದಾರದಂತೆ ಇಳಿಸಿದ. ಎರಡೇ ಗುಟುಕು, ನೊರೆ ಆರುವ ಮೊದಲು ಕುಡಿಯಬೇಕಂತೆ.

"ಲೇ, ಅಚ್ಚಂ ನಿಮ್ಮಪ್ಪನ ಕೈಯೇ ಕಣೋ!" ಎಂದು ಅಮ್ಮ ನನ್ನತ್ತ ತಿರುಗಿ ಎದ್ದು ನಿಂತಳು.

ಅಮ್ಮ ಅಂದದ್ದನ್ನು ತಿಳಿಸಿದಾಗ, ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಇನ್ಯಾಕಿ ಕೇಳಿದ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ನಾನು ಹೇಳಿಕೊಂಡು ಬಂದಿರುವುದು ನಿನ್ನದು ಮಾವಿನ ವ್ಯಾಪಾರ ಎಂದು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದರು, ಗಿರಾಕಿಗಳು ಹಿಡಿದ ಲೋಟಕ್ಕೆ ಹೀಗೇ ಮೇಲಿಂದ ಸುರಿಯುತ್ತಿದ್ದರು ಎಂದೆ. ಅವನು ಸೀಸೆಯನ್ನು ನನ್ನ ಕೈಗಿಟ್ಟ.

ಸುರಿದೆ. ಅರ್ಧ ಲೋಟಕ್ಕೆ, ಅರ್ಧ ಅಮ್ಮನ ಕಾಲಿಗೆ.

"ಥೂ, ನಿಂಗ್ ಬರಲ್ಲ ಬಿಡ್ಲಾ."

ಕಲಿಸ್ತೀನಿ ಬಾ ಎಂದು ನೀನು ಕರೆದ ದಿನ ನಾನು ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅಟ್ಟದಿಂದ ನೀನು ಹೆಂಡ ಸುರಿಯುತ್ತಿದ್ದ ಸೋರೆಬುರುಡೆ ಇಳಿಸಿ ನೀರು ತುಂಬಿದೆ. ಒಂದು ಹನಿಯೂ ಚೆಲ್ಲದಂತೆ ಸುರಿಯಲು ಬರುವವರೆಗೆ ದಿನಾ ಅಂಗಳದಲ್ಲಿ ನಿಲ್ಲುತ್ತೇನೆ. ಇನ್ಯಾಕೆ ಅನ್ನುತ್ತಾಳೆ ಅಮ್ಮ. ಅನ್ನಲಿ.

ಸುರಿಯುವಾಗ ನೀನು ನೋಡುತ್ತಿದ್ದುದು ಲೋಟವನ್ನೋ ಅಪ್ಪ, ಅದನ್ನು ಹಿಡಿದವನ ಮುಖವನ್ನೋ?