ಹಳದಿ ಪಟ್ಟಿಯನ್ನು ನಮಗೆ ಬಿಟ್ಟುಹೋದವರಿಗೆ

ನೆಲದೂರು ವಿಜಯಪುರ
೨೩೪೭, ಬಿರುಬಿಸಿಲ ಮಾಸದ ನಲವತ್ತೊಂದನೆಯ ದಿನ

ಕಚೇರಿಯ ಕಂಪ್ಯೂಟರುಗಳ ಉಸ್ತುವಾರಿ ಹೊತ್ತ ಮಹನೀಯರಿಗೆ,

ಇಂಥ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ, ಮುಂದೆ ಬರೆಯುವ ಯಾವುದಕ್ಕೂ ಕೇಳುವುದಿಲ್ಲ. ನಾನು ದಾನಮ್ಮ ಹೆಬ್ಬಾಳಟ್ಟಿ, ನಿಮ್ಮ ಕುರ್ಚಿಯ ಈಗಿನ ವಾರಸುದಾರಳು. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ. ಒಂದು ಜನ್ಮಕ್ಕೆ ಒಂದೇ ಸಿಗುತ್ತದೆ. ಜನ ಅದನ್ನು ಮುತ್ತಜ್ಜಿಗೆ ಬರೆದು ಕ್ಷೇಮ ಕೇಳುತ್ತಾರೆ. ನನ್ನದು ನಿಮ್ಮ ಮೇಲೆ ದಂಡವಾಯಿತು, ಹೊಟ್ಟೆ ಉರಿಯುತ್ತಿದೆ.

ಹಗಲು ಹೊರಗೆ ಕಾಲಿಟ್ಟರೆ ಚರ್ಮ ಸುಲಿಯುವುದರಿಂದ ನಾವು ನೆಲದಡಿ ಬಾಳುತ್ತೇವೆ. ಶಾಲೆ, ಸಂತೆ, ಮದುವೆ ಎಲ್ಲ ಅಲ್ಲೇ. ಜೋಳದ ಹೊಲಕ್ಕೆ ಹೊತ್ತು ಮುಳುಗಿದ ಮೇಲೆ ಹತ್ತಿ ಹೋಗುತ್ತೇವೆ. ಗಾಳಿ ಬರುವುದು ಉಸಿರುಗಂಡಿಗಳಿಂದ, ಅಂದರೆ ಮೇಲಕ್ಕೆ ಬಾಯಿ ತೆರೆದ ದೊಡ್ಡ ಕೊಳವೆಗಳಿಂದ. ಅವುಗಳ ಮುಚ್ಚಳ ತೆರೆದು ಮುಚ್ಚುವುದು ನಮ್ಮ ಕಚೇರಿಯ ಕಂಪ್ಯೂಟರುಗಳು. ಹಾಜರಿ, ರೇಷನ್ನು, ಸಂಬಳದ ಹಾಳೆಗಳೂ ಅವುಗಳಲ್ಲೇ. ಆದರೆ ಅವುಗಳ ಭದ್ರತಾ ನಿಯಮ ಇಂದಿಗೂ ನಿಮ್ಮದೇ. ಯಂತ್ರ ಬದಲಾದಾಗಲೆಲ್ಲ ಹಳೆಯ ನಿಯಮವನ್ನೇ ನಕಲು ಮಾಡಿಕೊಂಡರು. ಮುಟ್ಟಿದರೆ ಏನು ನಿಂತೀತೋ ಎಂದು ಯಾರೂ ಮುಟ್ಟಲಿಲ್ಲ.

ನಿಮ್ಮ ಹಳೆಯ ಕಡತ ಓದಿದ್ದೇನೆ. ನೀವು ಮೊದಲು ಸರಿಯಾಗಿಯೇ ಮಾಡಿದ್ದಿರಿ. ಹಾಳೆಯೊಳಗೆ ಅಡಗಿದ್ದು, ತೆರೆದ ಕೂಡಲೇ ತಾವಾಗಿ ಕೆಲಸಕ್ಕಿಳಿಯುವ ಆಜ್ಞೆಗಳನ್ನು ನೀವು ಮ್ಯಾಕ್ರೊ ಅನ್ನುತ್ತಿದ್ದಿರಿ. ಹೊರಗಿಂದ ಬಂದ ಮ್ಯಾಕ್ರೊ ಓಡದಂತೆ ಬಿಗಿ ಮಾಡಿದ್ದಿರಿ. ಆಮೇಲೆ ಒಬ್ಬ ಮ್ಯಾನೇಜರನ ಸಂಬಳದ ಹಾಳೆ ನಿಂತಿತು, ಆತ ಕೂಗಾಡಿದ. ಆ ಒಂದು ಹಾಳೆಯನ್ನು ಪರೀಕ್ಷಿಸಿ, ಡಿಜಿಟಲ್ ಸಹಿ ಹಾಕಿಸಿ, ಸಹಿಯಿದ್ದದ್ದು ಮಾತ್ರ ಓಡಲಿ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಮೈ ಬಗ್ಗಿಸಲು ನಿಮಗೆ ಸೋಮಾರಿತನ. ಇಡೀ ಕಚೇರಿಗೆ ಬಿಗಿ ಸಡಿಲಿಸಿದಿರಿ. ಹಾಳೆಯ ನೆತ್ತಿಯ ಮೇಲೆ ಎಚ್ಚರಿಕೆಯ ಒಂದು ಹಳದಿ ಪಟ್ಟಿ ತೋರಿಸಿ, ಅನುಮತಿ ಕೊಡುವ ಗುಂಡಿಯನ್ನು ಎಲ್ಲರ ಬೆರಳಿಗೆ ಬಿಟ್ಟು ಮನೆಗೆ ಹೋದಿರಿ.

ಆ ಪಟ್ಟಿ ನಮ್ಮಲ್ಲಿ ಶಾಸ್ತ್ರವಾಗಿದೆ. ಹೊಸಬರು ಕೆಲಸಕ್ಕೆ ಸೇರಿದ ದಿನ ಹಿರಿಯರು ಅವರ ಕೈ ಹಿಡಿದು ಹಳದಿ ಒತ್ತಿಸುತ್ತಾರೆ, ಬಾಯಿಗೆ ಸಕ್ಕರೆ ಹಾಕುತ್ತಾರೆ. ನನ್ನ ಅಕ್ಕ ಗೌರಾಬಾಯಿಗೂ ಹಾಗೇ ಒತ್ತಿಸಿದ್ದರು. ಅವಳು ಕೆಳಮಹಡಿಯ ರೇಷನ್ ವಿಭಾಗದವಳು. ಹೋದ ತಿಂಗಳು ಹೊಸ ದರಪಟ್ಟಿ ಎಂಬ ಹೆಸರಿನಲ್ಲಿ ಎಲ್ಲಿಂದಲೋ ಒಂದು ಹಾಳೆ ಬಂತು. ಅವಳು ಅನುಮಾನಪಟ್ಟು ವಿಭಾಗದ ಮುಖ್ಯಸ್ಥ ರಾಚಪ್ಪನನ್ನು ಕೇಳಿದಳು.

"ಆ ಹಳದೀದು ದಿನಾ ಬರ್ತೈತ್ಯವಾ, ಒತ್ತಿ ಮುಂದಕ್ಕ ಹೋಗು" ಅಂದ.

ಒತ್ತಿದಳು. ಹಾಳೆಯಲ್ಲಿ ಅಡಗಿದ್ದ ಆಜ್ಞೆ ಓಡಿ, ಉಸಿರುಗಂಡಿಗಳ ಮುಚ್ಚಳಗಳೆಲ್ಲ ಒಂದೇ ಸಲ ಮುಚ್ಚಿಬಿದ್ದವು. ಕೈಯಿಂದ ಮೀಟಿ ತೆರೆಯುವಷ್ಟರಲ್ಲಿ ಕೆಳಮಹಡಿಯವರಿಗೆ ಪ್ರಜ್ಞೆ ಇರಲಿಲ್ಲ. ಉಳಿದವರು ಚೇತರಿಸಿಕೊಂಡರು, ಅಕ್ಕನ ಎದೆ ಮಾತ್ರ ಸರಿಹೋಗಲಿಲ್ಲ. ಇನ್ನೊಮ್ಮೆ ಹೀಗಾದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟಾದರೂ ನಿಯಮ ಬದಲಿಸಿ ಅಂದರೆ ಪಂಚಾಯತಿಯವರು ಪುರುಸೊತ್ತು ಮಾಡಿಕೊಂಡು ನೋಡೋಣ ಅಂದರು.

ನಾನು ಪುರುಸೊತ್ತಿಗೆ ಕಾಯಲಿಲ್ಲ. ಇಂದು ಬೆಳಿಗ್ಗೆ, ಯಾರನ್ನೂ ಕೇಳದೆ, ಸಹಿಯಿಲ್ಲದ ಒಂದು ಆಜ್ಞೆಯೂ ಓಡದಂತೆ ಬಿಗಿದೆ. ಉಸಿರುಗಂಡಿಯ ಯಂತ್ರಗಳನ್ನು ಹಾಳೆಗಳಿಂದ ಬೇರ್ಪಡಿಸಿದೆ. ಈಗ ತಮ್ಮ ಹಾಳೆಗಳು ಓಡುತ್ತಿಲ್ಲವೆಂದು ಬಾಗಿಲ ಹೊರಗೆ ಇಡೀ ಕಚೇರಿ ಸೇರಿದೆ. ರಾಚಪ್ಪ ನನ್ನ ಕೆಲಸ ಕಳೆಯುತ್ತೇನೆ ಎಂದು ಎಗರಾಡುತ್ತಿದ್ದಾನೆ. ಎಗರಾಡಲಿ.

ನೀವೂ ಬಿಗಿಯಿರಿ, ಇವತ್ತೇ. ಎರಡು ದಿನ ಬೈಯುತ್ತಾರೆ, ಬೈಸಿಕೊಳ್ಳಿ. ಸಂಬಳ ತೆಗೆದುಕೊಳ್ಳುವುದು ಅದಕ್ಕೇ.

ಇಷ್ಟು ಬರೆಯುವಷ್ಟರಲ್ಲಿ ಗೌರಾಬಾಯಿಯೂ ಬಂದಳು. ಅವಳ ಹಾಳೆಯೂ ನಿಂತಿದೆಯಂತೆ. ಬಾಗಿಲು ಹಿಡಿದು, ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತ ಅಂದಳು: "ನಂದೊಂದ ತೆಗದು ಕೊಡ ತಂಗಿ. ಉಳದವ್ರದು ಬೇಕಾದ್ರ ಮುಚ್ಚು."

ನೀವು ಯಾವನೋ ಮ್ಯಾನೇಜರನಿಗೆ ಇಲ್ಲ ಅನ್ನಲಾರದೆ ಹೋದಿರಿ. ನಾನು ನನ್ನ ಅಕ್ಕನಿಗೆ ಇಲ್ಲ ಅಂದೆ.

ದಾನಮ್ಮ