ಮೂರನೇ ಅಡ್ಡರಸ್ತೆಯ ಹೆಸರಿಗೆ ಆಕ್ಷೇಪಣೆ

ಜನ್ನಾಪುರ, ಭದ್ರಾವತಿ

ನಗರಸಭೆಯ ಪೌರಾಯುಕ್ತರಿಗೆ ನಮಸ್ಕಾರಗಳು.

ನಮ್ಮ ಮೂರನೇ ಅಡ್ಡರಸ್ತೆಗೆ ‘ದಿವಂಗತ ಅಖ್ತರ್ ಬೀ ರಸ್ತೆ’ ಎಂದು ಹೆಸರಿಡಲು ಆಕ್ಷೇಪಣೆಗಳಿದ್ದರೆ ತಿಳಿಸುವಂತೆ ಪತ್ರಿಕೆಯಲ್ಲಿ ಪ್ರಕಟಿಸಿದ್ದೀರಿ. ನನ್ನದು ಒಂದೇ ಆಕ್ಷೇಪಣೆ. ಅಖ್ತರ್ ಬೀ ನನ್ನ ಅತ್ತೆ. ಅವರು ಬದುಕಿದ್ದಾರೆ.

ಇದು ಬೀದಿಯವರ ತಪ್ಪು, ಪ್ರೀತಿಯಿಂದ ಆದದ್ದು. ತೀರಿಹೋದ ಮೇಷ್ಟ್ರೊಬ್ಬರ ಹೆಸರಿಗಾಗಿ ಪಕ್ಕದ ರಸ್ತೆಯವರು ಬರೆದಿದ್ದ ಮನವಿಯನ್ನೇ ಎದುರುಮನೆಯ ನಿರಂಜನ ನಕಲು ಮಾಡಿದರು. ‘ದಿವಂಗತ’ವೂ ಜೊತೆಗೇ ಬಂತು. ಉಳಿದವರು ಓದದೆ ಸಹಿ ಹಾಕಿದರು.

ನಲ್ಲಿಯಲ್ಲಿ ನೀರು ಬಂದ ಕೂಡಲೇ ಅತ್ತೆ ಕಲ್ಲಿನಿಂದ ಕರೆಂಟು ಕಂಬ ಬಡಿದು ಇಡೀ ಬೀದಿಯನ್ನು ಎಬ್ಬಿಸುತ್ತಾರೆ. ಎಲ್ಲರ ಕೊಡ ತುಂಬಿದ ಮೇಲೆ ನಮ್ಮದು. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಸದ್ದು ಸ್ವಲ್ಪ ತಡವಾದರೂ ಎದ್ದು ಅವರ ಹಾಸಿಗೆಯ ಕಡೆ ನೋಡುತ್ತೇನೆ.

ಬದುಕಿರುವವರ ಹೆಸರಿಡುವಂತಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿದರು. ಅದನ್ನು ಕೇಳಿ ನಿರಂಜನ ಅತ್ತೆಯ ಹತ್ತಿರ ಬಂದು, “ಸುಮ್ನಿದ್ಬಿಡಿ ಅಮ್ಮ, ಬೋರ್ಡು ಬರುತ್ತೆ. ಯಾರು ಬಂದು ನೋಡ್ತಾರೆ?” ಎಂದರು.

“ಬೋರ್ಡಿಗೋಸ್ಕರ ಸತ್ತೋಗ್ಲಾ ಮಾರಾಯ? ನಾಳೆ ನೀರು ಬಂದ್ರೆ ಕಂಬ ನೀನ್ ಬಡೀತೀಯಾ?” ಎಂದು ಅತ್ತೆ ನಕ್ಕರು. ಈ ಪತ್ರ ಬರೆಯಲು ಹೇಳಿದ್ದೂ ಅವರೇ.

ಆದ್ದರಿಂದ ಬೀದಿಯವರ ಮನವಿಯನ್ನು ತಿರಸ್ಕರಿಸದೆ ಎತ್ತಿಡಬೇಕು. ಬೇರೆ ಯಾರ ಹೆಸರನ್ನೂ ಇಡಬಾರದು. ನಮ್ಮದು ಇನ್ನೂ ಬಹಳ ವರ್ಷ ಬರೀ ಮೂರನೇ ಅಡ್ಡರಸ್ತೆಯಾಗಿಯೇ ಇರಲಿ ಎಂಬುದು ನನ್ನ ಕೋರಿಕೆ.

ಇಂತಿ,
ಅಖ್ತರ್ ಬೀ ಅವರ ಸೊಸೆ
ಮುಬೀನಾ